ಪೋಲೊ ಜಿಟಿಯೋ, ಬಲೆನೊ ಆರ್‌ಎಸ್ಸೋ: ಐದೂವರೆ ಲಕ್ಷದೊಳಗೆ ಹಳೆಯ ಟರ್ಬೊ ಗಾಡಿ ಆರಿಸುವ ಬಗೆ

ಕಳೆದ ದೀಪಾವಳಿಗೆ ಬೈಲಹೊಂಗಲದಿಂದ ಬಂದ ಅಕ್ಕನ ಮಗ ಫೋನ್ ಮುಂದೆ ಹಿಡಿದು ಎರಡು ಗಾಡಿ ತೋರಿಸಿದ. ಒಂದು 2016ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಕೆಎ-22 ಪಾಸಿಂಗ್, ಅಂದರೆ ನಮ್ಮ ಬೆಳಗಾವಿಯದ್ದು. ಇನ್ನೊಂದು 2018ರ ಮಾರುತಿ ಬಲೆನೊ ಆರ್‌ಎಸ್, ಎಂಎಚ್-09, ಅಂದರೆ ಕೊಲ್ಹಾಪುರದ್ದು. “ಮಾಮಾ, ಎರಡರಾಗ ಯಾವ್ದು ತಗೊಳ್ಳೂಣು?” ಕೈಯಲ್ಲಿದ್ದದ್ದು ಐದೂವರೆ ಲಕ್ಷ, ಮೂರು ವರ್ಷ ಪಗಾರದಲ್ಲಿ ಉಳಿಸಿದ ದುಡ್ಡು. ಹುಡುಗ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ವಾರಕ್ಕೊಮ್ಮೆ ಊರಿಗೆ ಹೋಗುತ್ತಾನೆ, ತಿಂಗಳಿಗೊಮ್ಮೆ ಗೆಳೆಯರ ಜೊತೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ. ಗಾಡಿ ಓಡಿಸುವುದೆಂದರೆ ಅವನಿಗೆ ಪ್ರಾಣ. ಅವನಿಗೆ ಬೇಕಾದದ್ದು ಬರೀ ನಾಲ್ಕು ಚಕ್ರವಲ್ಲ, ಕಾಲಿಟ್ಟರೆ ಎದೆ ಸೀಟಿಗೆ ಒತ್ತುವಂಥ ಪಿಕಪ್.

ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಹೊಸ ಗಾಡಿ ಕೊಳ್ಳುವವರು ಮಾಡೆಲ್ ಜೊತೆ ಮಾಡೆಲ್ ಹೋಲಿಸಿದರೆ ಸಾಕು. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ. ಏಳೆಂಟು ವರ್ಷ ಓಡಿದ ಟರ್ಬೊ ಗಾಡಿ ಕೊಳ್ಳುವವರು ಮಾತ್ರ ಎದುರಿಗೆ ನಿಂತಿರುವ ಆ ಒಂದೇ ಗಾಡಿಯನ್ನು ಓದಬೇಕು. ಅದನ್ನು ಯಾರು ಓಡಿಸಿದರು, ಎಲ್ಲಿ ನಿಲ್ಲಿಸಿದರು, ಯಾವ ಎಣ್ಣೆ ಹಾಕಿದರು ಎಂಬುದು ಹೆಸರಿಗಿಂತ ಮುಖ್ಯ. ನಾನು ಅವನ ಜೊತೆ ಸುಮಾರು ಎರಡು ತಿಂಗಳು ತಿರುಗಾಡಿ ಮಾಡಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಮೊದಲು ದುಡ್ಡನ್ನು ಒಡೆಯಿರಿ

ಕೈಯಲ್ಲಿ ಐದೂವರೆ ಲಕ್ಷ ಇದ್ದರೆ ಐದೂವರೆ ಲಕ್ಷದ ಗಾಡಿ ಹುಡುಕಬೇಡಿ. ಗಾಡಿಯ ರೇಟು ಬೇರೆ, ಗಾಡಿ ಮನೆಗೆ ಬಂದ ಮೇಲಿನ ಖರ್ಚು ಬೇರೆ. ಟ್ರಾನ್ಸ್‌ಫರ್, ವಿಮೆ, ಬ್ಯಾಟರಿ, ಎಣ್ಣೆ, ಬ್ರೇಕ್ ಪ್ಯಾಡ್ ಇವೆಲ್ಲ ಮೊದಲ ಮೂರು ತಿಂಗಳಲ್ಲೇ ಬಾಗಿಲಿಗೆ ಬರುತ್ತವೆ. 195/55 ಆರ್16 ಅಳತೆಯ ನಾಲ್ಕು ಒಳ್ಳೆಯ ಟೈರ್ ಹಾಕಿಸಿದರೆ ಅದೊಂದೇ 25–30 ಸಾವಿರ ನುಂಗುತ್ತದೆ.

ನನ್ನ ಲೆಕ್ಕ ಹೀಗಿದೆ. ಬಲೆನೊ ಆರ್‌ಎಸ್ ಆದರೆ 60 ಸಾವಿರ ಬದಿಗಿಡಿ. ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪೋಲೊ ಆದರೆ ಒಂದೂಕಾಲು ಲಕ್ಷ. ಅಂದರೆ ಅದೇ ದುಡ್ಡಿನಲ್ಲಿ ಆರ್‌ಎಸ್‌ಗೆ 4.90 ಲಕ್ಷದವರೆಗೆ ಹೋಗಬಹುದು, ಪೋಲೊಗೆ 4.25ಕ್ಕೆ ನಿಲ್ಲಬೇಕು. ಈ ಗೆರೆ ಎಳೆದ ಕೂಡಲೇ ಫೋನಿನಲ್ಲಿ ಕಂಡ ಅರ್ಧ ಗಾಡಿಗಳು ತಾವಾಗಿಯೇ ಪಟ್ಟಿಯಿಂದ ಉದುರುತ್ತವೆ. ಬದಿಗಿಟ್ಟ ದುಡ್ಡನ್ನು ಚೌಕಾಸಿಯ ಹೊತ್ತಿನಲ್ಲಿ ಮುಟ್ಟಬಾರದು. “ಇನ್ನ ಇಪ್ಪತ್ತು ಸಾವಿರ ಹಾಕ್ರಿ, ಗಾಡಿ ನಿಮ್ದು” ಎಂದು ಮಾರುವವನು ಹೇಳುವಾಗ ಕೈ ಹೋಗುವುದು ಅಲ್ಲಿಗೇ. ಅದಕ್ಕೆ ಆ ಹಣವನ್ನು ಅಕ್ಕನ ಖಾತೆಗೆ ಹಾಕಿಸಿದೆ.

ಹಂತ 2: ಎರಡರ ಜಾತಕ

ಪೋಲೊ ಜಿಟಿ ಟಿಎಸ್‌ಐ ನಮ್ಮಲ್ಲಿಗೆ ಬಂದದ್ದು 2013ರಲ್ಲಿ. 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್. 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಜೊತೆಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. ಒಂದು ಕ್ಲಚ್ ಬೆಸ ಗೇರ್‌ಗಳಿಗೆ, ಇನ್ನೊಂದು ಸರಿ ಗೇರ್‌ಗಳಿಗೆ. ಮೂರರಲ್ಲಿ ಓಡುವಾಗಲೇ ನಾಲ್ಕು ತಯಾರಾಗಿ ಕೂತಿರುತ್ತದೆ, ಹಾಗಾಗಿ ಗೇರ್ ಬದಲಾದದ್ದು ಕಿವಿಗೆ ಗೊತ್ತಾಗುತ್ತದೆಯೇ ಹೊರತು ಮೈಗಲ್ಲ. 2020ರಲ್ಲಿ ಇದು ನಿಂತು, ಮೂರು ಸಿಲಿಂಡರಿನ 1.0 ಲೀಟರ್ ಎಂಜಿನ್ ಬಂತು. ಪೋಲೊ ತಯಾರಿಕೆಯೇ 2022ರಲ್ಲಿ ಮುಗಿಯಿತು.

ಬಲೆನೊ ಆರ್‌ಎಸ್ 2017ರಲ್ಲಿ ಬಂದು ಮೂರೇ ವರ್ಷಕ್ಕೆ ಹೋಯಿತು. 1.0 ಲೀಟರ್, ಮೂರು ಸಿಲಿಂಡರ್, ಬೂಸ್ಟರ್‌ಜೆಟ್ ಎಂಬ ಟರ್ಬೊ ಪೆಟ್ರೋಲ್ ಎಂಜಿನ್. 102 ಪಿಎಸ್, 150 ನ್ಯೂಟನ್ ಮೀಟರ್, ಐದು ಗೇರಿನ ಮ್ಯಾನುಯಲ್. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್.

ಕಾಗದದ ಮೇಲೆ ಶಕ್ತಿ ಹೆಚ್ಚುಕಡಿಮೆ ಒಂದೇ. ಆದರೆ ಆರ್‌ಎಸ್ ತೂಕ ಸುಮಾರು 950 ಕಿಲೊ, ಪೋಲೊ 1,100ರ ಆಸುಪಾಸು. ಟಾರ್ಕಿನಲ್ಲಿ ಪೋಲೊ ಮುಂದೆ ಹೋದದ್ದನ್ನು ಆರ್‌ಎಸ್ ತೂಕದಲ್ಲಿ ಹಿಂದಕ್ಕೆ ಪಡೆಯುತ್ತದೆ. ಪೋಲೊದಲ್ಲಿ ಜಾರುವಾಗ ಹಿಡಿದು ನಿಲ್ಲಿಸುವ ಇಎಸ್‌ಪಿ ಇದೆ, ಆರ್‌ಎಸ್‌ನಲ್ಲಿ ಇಲ್ಲ. ಜುಲೈನಲ್ಲಿ ಕಣಕುಂಬಿ ಕಡೆಯ ಮಳೆಯಲ್ಲಿ ತಿರುವು ಹಾಕಿದವರಿಗೆ ಇದರ ಬೆಲೆ ಗೊತ್ತು. ಎರಡು ಏರ್‌ಬ್ಯಾಗಿನ ಪೋಲೊಗೆ 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನೀವೂ ತೆಗೆದುಕೊಳ್ಳಬೇಡಿ. ಆವರೇಜ್ ವಿಷಯಕ್ಕೆ ಬಂದರೆ ಕಂಪನಿ ಹೇಳಿದ್ದು ಪೋಲೊಗೆ ಲೀಟರಿಗೆ 17 ಕಿ.ಮೀ. ಚಿಲ್ಲರೆ, ಆರ್‌ಎಸ್‌ಗೆ 21. ರಸ್ತೆಯಲ್ಲಿ ಎರಡೂ ಅದಕ್ಕಿಂತ ಕಡಿಮೆ ಕೊಡುತ್ತವೆ. ಟರ್ಬೊ ಗಾಡಿಯ ಆವರೇಜ್ ಓಡಿಸುವವನ ಬಲಗಾಲಿನಲ್ಲಿರುತ್ತದೆ.

ಹಂತ 3: ನಿಮ್ಮ ದಾರಿ ನೋಡಿಕೊಳ್ಳಿ

ಪೋಲೊದ ಕ್ಲಚ್‌ಗಳು ಒಣ ಕ್ಲಚ್‌ಗಳು, ಎಣ್ಣೆಯಲ್ಲಿ ಮುಳುಗಿದವಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಅವು ಬಿಸಿಯಾಗುತ್ತವೆ, ಸವೆಯುತ್ತವೆ. ಅವನ್ನು ಆಡಿಸುವ ಮೆಕಾಟ್ರಾನಿಕ್ಸ್ ಎಂಬ ಘಟಕ ಈ ಗೇರ್‌ಬಾಕ್ಸಿನ ಬಲಹೀನ ಜಾಗ. ಒತ್ತಡ ಹಿಡಿದಿಡುವ ಅದರ ಅಲ್ಯೂಮಿನಿಯಂ ಭಾಗ ಬಿರುಕು ಬಿಟ್ಟರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆಗ ಆಗುವುದು ಲಕ್ಷದ ಮಾತು. ಮೇಲೆ ಒಂದೂಕಾಲು ಲಕ್ಷ ಬದಿಗಿಡಿ ಎಂದದ್ದು ಇದಕ್ಕೇ.

ದಿನವೂ ಶನಿವಾರ ಖೂಟ, ಖಡೇಬಜಾರ, ಗಣಪತಿ ಗಲ್ಲಿ ಸುತ್ತುವವರು ಡಿಎಸ್‌ಜಿಯಿಂದ ದೂರ ಇದ್ದರೆ ಒಳ್ಳೆಯದು. ವಾರಕ್ಕೆರಡು ಸಲ ಹೆದ್ದಾರಿ ಹಿಡಿದು ನಿಪ್ಪಾಣಿಗೋ ಧಾರವಾಡಕ್ಕೋ ಹೋಗುವವರಿಗೆ ಪೋಲೊದಂಥ ಸುಖ ಈ ದುಡ್ಡಿನಲ್ಲಿ ಸಿಗುವುದು ಕಷ್ಟ. ನೂರರ ವೇಗದಲ್ಲೂ ಅದು ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ. ನಮ್ಮ ಹುಡುಗನಿಗೆ ದಿನದ ದಾರಿ ಟಿಳಕವಾಡಿಯ ಬಾಡಿಗೆ ಕೋಣೆಯಿಂದ ಉದ್ಯಮಬಾಗ, ಅಷ್ಟೇನೂ ಗದ್ದಲವಿಲ್ಲ. ಹಾಗಾಗಿ ಪೋಲೊವನ್ನು ಈ ಹಂತದಲ್ಲಿ ತೆಗೆದುಹಾಕಲಿಲ್ಲ.

ಇನ್ನೊಂದು ಮಾತು ರಿಪೇರಿಯದ್ದು. ಆರ್‌ಎಸ್‌ನ ಬಾಡಿ, ಗಾಜು, ದೀಪಗಳಲ್ಲಿ ಹೆಚ್ಚಿನವು ಸಾಮಾನ್ಯ ಬಲೆನೊದವೇ, ಆಟೊ ನಗರದ ಯಾವ ಅಂಗಡಿಯಲ್ಲೂ ಸಿಗುತ್ತವೆ. ಎಂಜಿನ್ ಮಾತ್ರ ಬೇರೆ. ಆ ಕುಟುಂಬದ ಎಂಜಿನ್ 2023ರಲ್ಲಿ ಫ್ರಾಂಕ್ಸ್‌ನಲ್ಲಿ ಮತ್ತೆ ಬಂದಿರುವುದರಿಂದ ಈಗ ಅದನ್ನು ಬಿಚ್ಚಿದ ಕೈಗಳು ಹೆಚ್ಚಾಗಿವೆ. ಪೋಲೊದ 1.2 ಎಂಜಿನ್ ಮತ್ತು ಡಿಎಸ್‌ಜಿ ವೆಂಟೊದಲ್ಲೂ ಬಂದಿದ್ದವು, ಬಿಡಿಭಾಗಕ್ಕೆ ಹುಡುಕುವಾಗ ಅದೂ ನೆನಪಿರಲಿ. ಕೊಳ್ಳುವ ಮೊದಲೇ ಊರಿನ ಇಬ್ಬರು ಮೆಕ್ಯಾನಿಕ್‌ಗಳನ್ನು “ಡಿಎಸ್‌ಜಿ ಬಿಚ್ಚೀರೇನ್ರಿ?” ಎಂದು ಕೇಳಿ. ಇಬ್ಬರೂ ತಡವರಿಸಿದರೆ ರಿಪೇರಿಗೆ ಗಾಡಿಯನ್ನು ಹೇರಿಕೊಂಡು ಬೇರೆ ಊರಿಗೆ ಹೋಗಬೇಕಾದೀತು ಎಂದು ಲೆಕ್ಕ ಹಾಕಿ.

ಹಂತ 4: ಗಾಡಿ ನೋಡುವ ಮೊದಲು ಕಾಗದ ನೋಡಿ

ನಂಬರ್ ಸಿಕ್ಕ ಕೂಡಲೇ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ಎಷ್ಟನೇ ಮಾಲೀಕ, ವಿಮೆ ಎಲ್ಲಿಯವರೆಗೆ, ಸಾಲದ ಎಚ್‌ಪಿ, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಎಂಬ ನಮೂದು, ಇನ್ನೂ ಇದೆಯೇ ಎಂಬುದು ತಿಳಿಯುತ್ತದೆ. ಎಚ್‌ಪಿ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಒಂದು ರೂಪಾಯಿ ಕೊಡಬೇಡಿ. ಬಾಕಿ ಚಲನ್ ನೋಡಿ. ಗಡಿಯ ಊರು ನಮ್ಮದು, ಗಾಡಿ ಕರ್ನಾಟಕದ್ದಾದರೂ ಮಹಾರಾಷ್ಟ್ರ, ಗೋವಾದ ದಂಡ ಅದರ ಹೆಸರಲ್ಲಿ ಕೂತಿರಬಹುದು.

ಎಂಎಚ್ ಪಾಸಿಂಗಿನ ಗಾಡಿ ನೋಡಲು ಅಗ್ಗ. ಆದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಹೊಸ ನಂಬರಿಗೆ ಫಾರ್ಮ್ 27 ಕೊಡಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆ ಗಾಡಿಯ ವಯಸ್ಸಿನ ಮೇಲೆ ಕಡಿಮೆಯಾಗುತ್ತದೆ ನಿಜ, ಆದರೂ ಸಣ್ಣ ಮೊತ್ತವಲ್ಲ. ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ವಾಪಸ್ ಪಡೆಯುವುದು ಮತ್ತೊಂದು ಓಡಾಟ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಇಲ್ಲಿನ ನಂಬರ್ ಕಡ್ಡಾಯ. “ಹಂಗ ಓಡ್ಸ್ರಿ, ಯಾರೂ ಕೇಳಂಗಿಲ್ಲ” ಎನ್ನುವ ಏಜೆಂಟರ ಮಾತು ನಂಬಿ ಕೊಂಡವರು ಆಮೇಲೆ ತೆರಿಗೆಯನ್ನೂ ದಂಡವನ್ನೂ ಕಟ್ಟಿದ್ದನ್ನು ನೋಡಿದ್ದೇನೆ. ಎಂಎಚ್ ಗಾಡಿಯ ರೇಟಿಗೆ ಈ ಖರ್ಚು ಕೂಡಿಸಿ, ಆಮೇಲೆ ಕೆಎ ಗಾಡಿಯ ಜೊತೆ ಹೋಲಿಸಿ.

ಆರ್‌ಎಸ್‌ಗೆ ಇನ್ನೊಂದು ವಿಶೇಷ ಪರಿಶೀಲನೆ ಇದೆ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನಲ್ಲಿ ದೋಷ ಇರಬಹುದೆಂದು 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರವರೆಗೆ ತಯಾರಾದ 7,213 ಆರ್‌ಎಸ್ ಗಾಡಿಗಳನ್ನು ಕಂಪನಿ 2023ರಲ್ಲಿ ವಾಪಸ್ ಕರೆದಿತ್ತು. ಹೆಚ್ಚುಕಡಿಮೆ ಎಲ್ಲ ಆರ್‌ಎಸ್‌ಗಳೂ ಈ ಅವಧಿಯೊಳಗೇ ಬರುತ್ತವೆ. ಚಾಸಿ ನಂಬರ್ ತೆಗೆದುಕೊಂಡು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಆ ಕೆಲಸ ಆಗಿದೆಯೋ ಇಲ್ಲವೋ ಹೇಳುತ್ತಾರೆ. ಆಗಿರದಿದ್ದರೆ ಮಾರುವವರಿಂದಲೇ ಮೊದಲು ಮಾಡಿಸಿಕೊಳ್ಳಿ.

ಹಂತ 5: ತಣ್ಣಗಿರುವ ಗಾಡಿಯನ್ನು ಹಗಲಲ್ಲಿ ನೋಡಿ

ಮುಂಜಾನೆ ಹೋಗಿ, ಎಂಜಿನ್ ಚಾಲೂ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಲು ಮೊದಲೇ ಚಾಲೂ ಮಾಡಿದ್ದಾರೆ, ಮತ್ತೊಂದು ದಿನ ಬನ್ನಿ. ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಎರಡು ಮೂರು ಸೆಕೆಂಡಿನ ಸದ್ದಿಗೆ ಕಿವಿ ಕೊಡಿ. ಪೋಲೊದಲ್ಲಿ ಗಲಗಲ ಎಂದು ಸರಪಳಿ ಅಲ್ಲಾಡಿಸಿದಂಥ ಸದ್ದು ಬಂದರೆ ಟೈಮಿಂಗ್ ಚೈನ್ ಸಡಿಲಾಗಿರಬಹುದು.

ನಮ್ಮ ಭಾಗದಲ್ಲಿ ಹಳೆಯ ಗಾಡಿ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಹುಡುಕಬೇಕಾದದ್ದು ನೆರೆಯ ಗುರುತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಪಂಚಗಂಗಾ ಎಲ್ಲ ಒಟ್ಟಿಗೆ ಉಕ್ಕಿ ಕೊಲ್ಹಾಪುರ, ಸಾಂಗಲಿ, ಗೋಕಾಕ ನೀರಿನಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. 2021ರ ಜುಲೈನಲ್ಲಿ ಕೊಲ್ಹಾಪುರಕ್ಕೆ ಮತ್ತೆ ನೀರು ಬಂತು. 2016ರ ಪೋಲೊ, 2018ರ ಆರ್‌ಎಸ್ ಎರಡೂ ಆ ಹೊತ್ತಿಗೆ ಯಾರದೋ ಮನೆಯ ಮುಂದೆ ನಿಂತಿದ್ದ ಗಾಡಿಗಳು. ನೀರು ಕುಡಿದ ಗಾಡಿ ತೊಳೆದು ಒಣಗಿಸಿದರೆ ಹೊಸದರಂತೆ ಕಾಣುತ್ತದೆ. ಆಮೇಲೆ ವರ್ಷಗಟ್ಟಲೆ ವೈರಿಂಗ್ ಒಂದೊಂದೇ ಕಡೆ ಹಸಿರುಗಟ್ಟಿ ಸಾಯುತ್ತ ಹೋಗುತ್ತದೆ, ಏರ್‌ಬ್ಯಾಗಿನ ವೈರಿಂಗ್ ಕೂಡ.

ಕೊಲ್ಹಾಪುರದ ಆ ಆರ್‌ಎಸ್ ಕೆಂಪು ಬಣ್ಣದ್ದು, ಹೊಳೆಯುತ್ತಿತ್ತು. ಮಾರುವವ “ಗಾಡಿ ಮಸ್ತ್ ಐತ್ರಿ ಸರ, ಟಚಪ್ ಸೈತ ಮಾಡ್ಸಿಲ್ರಿ” ಎಂದ. ಒಳಗೆ ಕೂತರೆ ಸೀಟಿನಿಂದ ಮಲ್ಲಿಗೆ ವಾಸನೆಯ ಪರ್ಫ್ಯೂಮ್. ನಾನು ಚಾಲಕನ ಸೀಟ್ ಬೆಲ್ಟನ್ನು ನಿಧಾನವಾಗಿ ಎಳೆಯುತ್ತ ಹೋದೆ. ದಿನಬಳಕೆಯಲ್ಲಿ ಹೊರಬರುವ ಭಾಗವೆಲ್ಲ ಸ್ವಚ್ಛವಾಗಿತ್ತು. ಇನ್ನು ಎಳೆಯಲಾಗದು ಎನ್ನುವಲ್ಲಿಯವರೆಗೆ ಎಳೆದಾಗ, ಕೊನೆಯ ಗೇಣು ಪಟ್ಟಿಯಲ್ಲಿ ಅಡ್ಡಕ್ಕೆ ಒಂದು ಗೆರೆ. ಗೆರೆಯ ಮೇಲೆ ಬೆಲ್ಟಿನ ಕಪ್ಪು, ಕೆಳಗೆ ನದಿ ಮಣ್ಣಿನ ತಿಳಿ ಕಂದು. ಉಗುರಿನಿಂದ ಕೆರೆದರೆ ಪುಡಿ ಬಂತು. ಸೀಟಿನ ಕೆಳಗಿನ ಬೋಲ್ಟುಗಳಿಗೆ ಟಾರ್ಚ್ ಹಿಡಿದೆವು, ನಾಲ್ಕೂ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿದರೆ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಕೆಸರು. “ಮಳಿಗಾಲದಾಗ ಒಮ್ಮಿ ಕಿಡಕಿ ತಗದಿತ್ರಿ” ಎಂದ ಮಾರುವವ. ಕಿಟಕಿಯಿಂದ ಬಂದ ಮಳೆ ಬೆಲ್ಟಿನ ಸುರುಳಿಯೊಳಗೆ ಅಡ್ಡಗೆರೆ ಎಳೆಯುವುದಿಲ್ಲ. ಹುಡುಗನ ಮುಖ ಬಾಡಿತು. ಅಲ್ಲಿಂದ ಎದ್ದು ಬಂದೆವು.

ಉಳಿದ ನೋಟ ಬೇಗ ಮುಗಿಯುತ್ತದೆ. ಬಾಗಿಲುಗಳ ಸಂದು ಎರಡೂ ಬದಿ ಒಂದೇ ಸಮ ಇದೆಯೇ, ಬಾನೆಟ್ಟಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗಾಯ ಇದೆಯೇ, ಎಲ್ಲ ಗಾಜುಗಳ ಮೇಲೆ ಒಂದೇ ವರ್ಷದ ಗುರುತಿದೆಯೇ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ: 2219 ಎಂದಿದ್ದರೆ 2019ರ 22ನೇ ವಾರದ್ದು. ಮೀಟರ್ 40 ಸಾವಿರ ತೋರಿಸುತ್ತಿದ್ದು ಸ್ಟೇರಿಂಗಿನ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ, ಬ್ರೇಕ್ ಪೆಡಲಿನ ರಬ್ಬರ್ ಸವೆದು ಗೆರೆಗಳು ಮಾಯವಾಗಿದ್ದರೆ ಮೀಟರನ್ನು ನಂಬಬೇಡಿ.

ಹಂತ 6: ಒಂದು ತಾಸು ಓಡಿಸಿ, ಹತ್ತು ನಿಮಿಷ ಅಲ್ಲ

ಆಟೊ ನಗರದಲ್ಲಿ ನಾನು ವರ್ಷಗಳಿಂದ ಗಾಡಿ ಬಿಡುವ ಮೆಕ್ಯಾನಿಕ್ ಒಂದು ಮಾತು ಹೇಳುತ್ತಾರೆ: “ತಣ್ಣಗಿದ್ದಾಗ ಎಲ್ಲಾ ಗಾಡೀನೂ ಶಾಣ್ಯಾ ಇರ್ತಾವ್ರಿ. ಬಿಸಿ ಆದಮ್ಯಾಲ ಅದರ ಗುಣ ತಿಳೀತೈತಿ.” ಡಿಎಸ್‌ಜಿಗೆ ಈ ಮಾತು ಅಕ್ಷರಶಃ ನಿಜ.

ನಾವು ಪೋಲೊವನ್ನು ಮೊದಲು ಪೇಟೆಯೊಳಗೆ ಒಯ್ದೆವು. ಶನಿವಾರ ಖೂಟದಿಂದ ಖಡೇಬಜಾರದ ಜನಜಂಗುಳಿಯಲ್ಲಿ ಬ್ರೇಕ್ ಬಿಟ್ಟು ಹಿಡಿದು ತೆವಳಿಸಿದೆವು. ಕಪಿಲೇಶ್ವರ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆವು. ಅಲ್ಲಿಯವರೆಗೂ ಬೆಣ್ಣೆಯಂತೆ ನಡೆಯಿತು. ಅಲ್ಲಿಂದ ಚನ್ನಮ್ಮ ವೃತ್ತ, ಕಾಕತಿ ದಾಟಿ ವಂಟಮೂರಿ ಘಾಟ್. ಏರಿನಲ್ಲಿ ಕಾಲಿಟ್ಟರೆ ತಡವಿಲ್ಲದೆ ಎಳೆಯಿತು, ಹುಡುಗನ ಕಣ್ಣು ಅರಳಿದ್ದನ್ನು ಬದಿಯ ಸೀಟಿನಿಂದ ನೋಡಿದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎಂಜಿನ್ ಬ್ರೇಕಿನಲ್ಲಿ ಇಳಿಸಿ, ತಳದಲ್ಲಿ ಒಮ್ಮೆಲೇ ಒತ್ತಿ ಹಿಂದಿನ ಕನ್ನಡಿ ನೋಡಿದೆವು. ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವಿನ ಕಡೆಯಿಂದ ಎಣ್ಣೆ ಉರಿಯುತ್ತಿದೆ ಎಂದರ್ಥ. ಬರಲಿಲ್ಲ.

ತಿರುಗಿ ಪೇಟೆಗೆ ಬಂದು ಅದೇ ಖಡೇಬಜಾರ. ಈಗ ಐವತ್ತು ನಿಮಿಷ ಓಡಿದ ಗಾಡಿ. ಎರಡರಿಂದ ಒಂದಕ್ಕೆ ಇಳಿಯುವಾಗ ಸೀಟಿನಡಿ ಗುದ್ದಿದಂತೆ ಒಂದು ಧಕ್ಕೆ. ನಿಂತು ಎತ್ತುವಾಗ ಗಡಗಡ ನಡುಕ. ರಿವರ್ಸ್ ಹಾಕಿದರೆ ಗೇರ್ ಹಿಡಿಯಲು ಒಂದೆರಡು ಸೆಕೆಂಡ್ ತಡ. ಮೊದಲ ಸುತ್ತಿನಲ್ಲಿ ಇದ್ಯಾವುದೂ ಇರಲಿಲ್ಲ. ನಾವು ಹತ್ತು ನಿಮಿಷ ಓಡಿಸಿ ಸಂಚಕಾರ ಕೊಟ್ಟಿದ್ದರೆ ಮುಂದಿನ ಬೇಸಿಗೆಯಲ್ಲಿ ಕ್ಲಚ್ ಅಥವಾ ಮೆಕಾಟ್ರಾನಿಕ್ಸ್ ನಮ್ಮ ಲೆಕ್ಕಕ್ಕೆ ಬರುತ್ತಿತ್ತು.

ಆರ್‌ಎಸ್‌ನಲ್ಲಿ ನೋಡುವುದು ಬೇರೆ. ಮೂರನೇ ಗೇರಿನಲ್ಲಿ 2,000 ಆರ್‌ಪಿಎಂಗಿಂತ ಕೆಳಗಿನಿಂದ ಪೂರ್ತಿ ಒತ್ತಿ. ಎಂಜಿನ್ನಿನ ತಿರುಗು ಏರುತ್ತ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಬೇಗ ಇಳಿಸಿ, ಕರಕರ ಎಂದರೆ ಗೇರ್‌ಬಾಕ್ಸ್ ಕೆಲಸ ಇದೆ. ಬ್ರೇಕಿನ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಬಹುದು: ಎಂಜಿನ್ ಬಂದ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿ. ಕಾಲಿನಡಿ ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬ್ರೇಕಿಗೆ ನೆರವು ಬರುತ್ತಿಲ್ಲ, ಗಾಡಿಯನ್ನು ರಸ್ತೆಗೆ ತೆಗೆಯಬೇಡಿ.

ಹಂತ 7: ಜಾಕ್ ಮೇಲೆ, ಸ್ಕ್ಯಾನರ್ ಕೆಳಗೆ

ನಿಮಗೆ ಮನಸ್ಸಾದ ಗಾಡಿಯನ್ನು ಮಾರುವವರ ಗುರುತಿನ ಗ್ಯಾರೇಜಿಗಲ್ಲ, ನಿಮ್ಮ ಮೆಕ್ಯಾನಿಕ್ ಕಡೆಗೆ ಒಯ್ಯಿರಿ. ತಪಾಸಣೆಗೆ ಕೊಡುವ ಒಂದೆರಡು ಸಾವಿರಕ್ಕೆ ಹಿಂದೆಮುಂದೆ ನೋಡಬೇಡಿ. ಒಯ್ಯಲು ಮಾರುವವರು ಒಪ್ಪದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಚಕ್ರದ ಜೋಡಣೆಯ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಎಂಜಿನ್ ಅಡಿಯ ಎಣ್ಣೆ ಜಿನುಗು ಕೆಳಗಿನಿಂದ ಕಾಣುತ್ತವೆ. ಖಾನಾಪುರ, ಜಾಂಬೋಟಿ ಕಡೆಯ ಹೊಂಡಗಳಲ್ಲಿ ಓಡಿದ ಗಾಡಿಯಾದರೆ ಬುಷ್‌ಗಳ ಮೇಲೆ ವಿಶೇಷ ಕಣ್ಣಿರಲಿ. ಸ್ಕ್ಯಾನರ್ ಹಾಕಿ ಹಳೆಯ ದೋಷಗಳ ಪಟ್ಟಿ ತೆಗೆಸಿ. ಪಟ್ಟಿ ಪೂರ್ತಿ ಖಾಲಿ ಇದ್ದು, ಅಳಿಸಿ ಇನ್ನೂ ಹತ್ತಿಪ್ಪತ್ತು ಕಿಲೋಮೀಟರ್ ಮಾತ್ರ ಆಗಿದೆ ಎಂದು ತೋರಿಸಿದರೆ ಯಾರೋ ನಿನ್ನೆ ಅಳಿಸಿದ್ದಾರೆ.

ರೀಮ್ಯಾಪ್ ಬಗ್ಗೆ ನೇರವಾಗಿ ಕೇಳಿ. ಪೋಲೊ ಜಿಟಿಯ ಎಂಜಿನ್ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಂ ಹಾಕಿಸಿ ಶಕ್ತಿ ಏರಿಸಿಕೊಂಡವರು ಬಹಳ. ಆ ಗೇರ್‌ಬಾಕ್ಸ್ ತಡೆಯುವ ಮಿತಿಯೇ 250 ನ್ಯೂಟನ್ ಮೀಟರ್. ರೀಮ್ಯಾಪ್ ಮಾಡಿಸಿದ ಗಾಡಿ ವರ್ಷಗಟ್ಟಲೆ ಆ ಅಂಚಿನ ಹತ್ತಿರ ದುಡಿದಿರುತ್ತದೆ. ಮಾರುವ ಮುನ್ನ ಹಳೆಯ ಪ್ರೋಗ್ರಾಂ ವಾಪಸ್ ಹಾಕಿಸಿದರೂ ಸವೆದ ಕ್ಲಚ್ ವಾಪಸ್ ಬರುವುದಿಲ್ಲ. ಬಾನೆಟ್ ತೆರೆದು ಏರ್ ಫಿಲ್ಟರ್ ಕಂಪನಿಯದೇ ಆಗಿದೆಯೇ, ಸೈಲೆನ್ಸರಿನಲ್ಲಿ ಹೊಸ ವೆಲ್ಡಿಂಗ್ ಇದೆಯೇ ನೋಡಿ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ವಿಮೆಯ ಕ್ಲೇಮಿನಲ್ಲೂ ತೊಡಕು. ಗದ್ದಲದ ಸೈಲೆನ್ಸರ್ ಹಾಕಿದ ಗಾಡಿಯನ್ನು ನಾನು ಬಾಗಿಲಿನಿಂದಲೇ ಬಿಡುತ್ತೇನೆ.

ಸರ್ವಿಸ್ ಬಿಲ್ಲುಗಳಲ್ಲಿ ಹುಡುಕಬೇಕಾದದ್ದು ಎಣ್ಣೆ. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಅದರ ಬೇರಿಂಗಿಗೆ ಇರುವ ಆಸರೆ ಎಣ್ಣೆಯ ತೆಳುಪದರ ಮಾತ್ರ. ಪೋಲೊದ ಬಿಲ್ಲಿನಲ್ಲಿ 502 00 ಎಂಬ ಗುಣಮಟ್ಟದ ಸಿಂಥೆಟಿಕ್ ಎಣ್ಣೆ ಹಾಕಿದ ದಾಖಲೆ ಇದ್ದರೆ ಅದು ಕಾಳಜಿಯಿಂದ ಸಾಕಿದ ಗಾಡಿ. ಎರಡು ವರ್ಷ ಬಿಲ್ಲೇ ಇಲ್ಲದಿದ್ದರೆ ರೇಟಿನಲ್ಲಿ ದೊಡ್ಡ ಕಡಿತ ಕೇಳಿ, ಇಲ್ಲವೇ ಬಿಡಿ.

ಪೆಟ್ರೋಲಿನದೂ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಈ ಎರಡೂ ಗಾಡಿಗಳು ಅದಕ್ಕಿಂತ ಮೊದಲಿನ ಕಾಲದವು. ಇಂಧನದ ರಬ್ಬರ್ ಪೈಪು, ಸೀಲುಗಳನ್ನು ತಪಾಸಣೆಯಲ್ಲಿ ಸೇರಿಸಿ. ಗಾಡಿಯನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಬೇಡಿ.

ಹಂತ 8: ಕಾಯಿರಿ, ಆಮೇಲೆ ಸಂಚಕಾರ ಕೊಡಿ

ಎರಡು ಗಾಡಿಯಲ್ಲಿ ಒಂದನ್ನು ಆರಿಸಲು ಹೊರಟು ಎರಡನ್ನೂ ಬಿಟ್ಟೆವು. ಹುಡುಗನಿಗೆ ಸಿಟ್ಟು ಬಂತು, ಎರಡು ದಿನ ಫೋನ್ ಮಾಡಲಿಲ್ಲ. ಮನಸ್ಸು ಒಮ್ಮೆ ಟರ್ಬೊ ಎಳೆತ ಕಂಡ ಮೇಲೆ ಕಾಯುವುದು ಕಷ್ಟ ಎಂದು ನನಗೂ ಗೊತ್ತು. ಐದು ವಾರದ ನಂತರ ಧಾರವಾಡದಲ್ಲಿ ಕೆಎ-25ರ 2018ರ ಆರ್‌ಎಸ್ ಸಿಕ್ಕಿತು. ಮೊದಲ ಮಾಲೀಕರು ನಿವೃತ್ತ ಶಿಕ್ಷಕರು, ಅವರ ಮಗ ಓಡಿಸುತ್ತಿದ್ದ. ಪ್ರತಿ ಸರ್ವಿಸಿನ ಬಿಲ್ಲು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಖಿನ ಪ್ರಕಾರ ಇತ್ತು, ವ್ಯಾಕ್ಯೂಮ್ ಪಂಪಿನ ಕೆಲಸದ್ದೂ. ಬೆಲ್ಟ್ ತುದಿಯವರೆಗೆ ಕಪ್ಪು. ಟೈರ್ ಹಳೆಯವು, ಮುಂದಿನ ಬಂಪರಿಗೆ ಬಣ್ಣ ಹೊಡೆದಿತ್ತು, ಇದನ್ನು ಅವರೇ ಮೊದಲು ಹೇಳಿದರು. 5.10 ಕೇಳಿದ್ದರು. ಟೈರಿನ ತಾರೀಖು ತೋರಿಸಿ ಮಾತಾಡಿ 4.75ಕ್ಕೆ ಮುಗಿಯಿತು. ಚೌಕಾಸಿಗೆ ಇಂಥ ಕಣ್ಣಿಗೆ ಕಾಣುವ ಕಾರಣ ಬೇಕು, ಬರೀ “ಸ್ವಲ್ಪ ಕಡಿಮಿ ಮಾಡ್ರಿ” ಎಂದರೆ ಸಾವಿರ ಎರಡು ಸಾವಿರ ಇಳಿಯುತ್ತದೆ ಅಷ್ಟೇ.

ಸಂಚಕಾರ ಹತ್ತು ಸಾವಿರಕ್ಕಿಂತ ಹೆಚ್ಚು ಬೇಡ, ಅದೂ ಬ್ಯಾಂಕಿನ ಮೂಲಕ. ಚೀಟಿಯಲ್ಲಿ ಚಾಸಿ ನಂಬರ್, ಒಪ್ಪಿದ ರೇಟು, ಕಾಗದ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂಬ ಒಂದು ಸಾಲು ಇರಲಿ. ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಕಪಾಟಿನಲ್ಲಿಡುವವರು ಇದ್ದಾರೆ, ಹಾಗೆ ಮಾಡಬೇಡಿ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಮಾರಿದವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಅದು ಗಾಡಿಯದ್ದಲ್ಲ. ಹಾಗಾಗಿ ಪ್ರೀಮಿಯಂ ಅವರು ಹೇಳಿದ್ದಕ್ಕಿಂತ ಹೆಚ್ಚೇ ಬರುತ್ತದೆ. ಫಾಸ್ಟ್ಯಾಗನ್ನು ಅವರ ಎದುರಿಗೇ ಬಂದ್ ಮಾಡಿಸಿ.

ಮೊದಲ ವಾರದ ಕೆಲಸ

ಹಿಂದಿನವರು ಎಷ್ಟೇ ಚೆನ್ನಾಗಿ ಸಾಕಿರಲಿ, ಎಂಜಿನ್ ಎಣ್ಣೆ, ಫಿಲ್ಟರ್‌ಗಳು, ಕೂಲಂಟ್, ಬ್ರೇಕ್ ಎಣ್ಣೆ ಬದಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಅಲ್ಲಿಂದ ನಿಮ್ಮ ಲೆಕ್ಕ ಶುರು. ಘಾಟ್ ಏರಿ ಬಂದ ಕೂಡಲೇ ಕೀಲಿ ತಿರುವಿ ಬಂದ್ ಮಾಡದೆ ಒಂದೆರಡು ನಿಮಿಷ ಹಾಗೇ ಚಾಲೂ ಬಿಡಿ, ಟರ್ಬೊ ತಣಿಯಲಿ. ಎಣ್ಣೆ ಬದಲಿಸುವಾಗ ಹಳೆಯ ಎಣ್ಣೆಯನ್ನು ಬಿಳಿ ಡಬ್ಬಿಯಲ್ಲಿ ಹಿಡಿಯಲು ಹೇಳಿ, ಬಿಸಿಲಿಗೆ ಒಯ್ದು ಅಲ್ಲಾಡಿಸಿ ನೋಡಿ. ಮಿಣಮಿಣ ಲೋಹದ ಪುಡಿ ಕಂಡರೆ ಎಂಜಿನ್ ಒಳಗೆ ಏನೋ ಸವೆಯುತ್ತಿದೆ. ಆಟೊ ನಗರದಲ್ಲಿ ಆ ಶನಿವಾರ ನಮ್ಮ ಹುಡುಗ ಡಬ್ಬಿಯನ್ನು ತಾನೇ ಹಿಡಿದುಕೊಂಡು ಅಂಗಳಕ್ಕೆ ಬಂದ. ಎರಡು ಬೆರಳ ನಡುವೆ ಎಣ್ಣೆ ಉಜ್ಜಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಕಪ್ಪಗಿತ್ತು, ನುಣ್ಣಗಿತ್ತು, ಒಂದು ಮಿಂಚೂ ಇರಲಿಲ್ಲ.